ಕೀ ತೆಗೆದರೂ ಹೆಡ್‌ಲೈಟ್ ಆರುತ್ತಿಲ್ಲ, ಸ್ವಿಚ್ ಬದಲಾಯಿಸಲೇಬೇಕಾ?

ಸಂಜೆ_ಸವಾರ
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ನನ್ನ ಕಾರಿನ ಹೆಡ್‌ಲೈಟ್ ಆಫ್ ಆಗುತ್ತಲೇ ಇಲ್ಲ. ಎರಡೂ ಕಡೆಯ ಲೋ ಬೀಮ್ ಹಗಲು ರಾತ್ರಿ ಉರಿಯುತ್ತಲೇ ಇರುತ್ತದೆ. ಸ್ವಿಚ್ ಆಫ್‌ಗೆ ತಿರುಗಿಸಿದರೂ ಅಷ್ಟೇ, ಕೀ ತೆಗೆದು ಬಾಗಿಲು ಹಾಕಿದರೂ ಅಷ್ಟೇ.

ಗಾಡಿ ಹಳೆಯದು. ಆಟೋ ಲೈಟ್, ಸೆನ್ಸರ್ ಅಂತೆಲ್ಲ ಏನೂ ಇಲ್ಲ. ಸ್ಟೀರಿಂಗ್ ಪಕ್ಕದ ಕಡ್ಡಿಯ ತುದಿ ತಿರುಗಿಸಿ ಲೈಟ್ ಹಾಕುವ ಮಾಮೂಲಿ ವ್ಯವಸ್ಥೆ. ಬಲ್ಬ್ ಎಚ್4 ಹ್ಯಾಲೊಜೆನ್. ಪಾರ್ಕಿಂಗ್ ಲೈಟ್, ಹಿಂದಿನ ಕೆಂಪು ಲೈಟ್, ಡ್ಯಾಶ್‌ಬೋರ್ಡ್ ಬೆಳಕು ಎಲ್ಲ ಸ್ವಿಚ್ ಹೇಳಿದ ಹಾಗೆ ಕೇಳುತ್ತವೆ. ಹೈ ಬೀಮ್ ಕೂಡ ಸರಿಯಾಗಿದೆ. ಲೋ ಬೀಮ್ ಒಂದೇ ಮಾತು ಕೇಳುತ್ತಿಲ್ಲ.

ಸದ್ಯಕ್ಕೆ ಗಾಡಿ ನಿಲ್ಲಿಸಿದಾಗಲೆಲ್ಲ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡುತ್ತಿದ್ದೇನೆ. ಒಬ್ಬ ಮೆಕ್ಯಾನಿಕ್ ಗಾಡಿ ನೋಡದೇ ಫೋನಿನಲ್ಲೇ ಸ್ವಿಚ್ ಸೆಟ್ ಪೂರ್ತಿ ಹೋಗಿದೆ ಅಂದುಬಿಟ್ಟರು. ಅದನ್ನು ಕೊಳ್ಳುವ ಮೊದಲು ನಾನೇ ಏನಾದರೂ ಪರೀಕ್ಷೆ ಮಾಡಬಹುದಾ? ಮಲ್ಟಿಮೀಟರ್ ಇದೆ, ಅಲ್ಪ ಸ್ವಲ್ಪ ಬಳಸಲು ಬರುತ್ತದೆ.

ಕಪ್ಪು_ಗ್ರೀಸ್
ರಿಲೇ (ಸ್ವಿಚ್ ಹೇಳಿದಾಗ ಬಲ್ಬ್‌ಗೆ ಕರೆಂಟ್ ಬಿಡುವ ಸಣ್ಣ ಡಬ್ಬಿ) ಅಂಟಿಕೊಂಡಿದೆ. ಬದಲಾಯಿಸಿ. ಮುಗಿಯಿತು.

ಹಿಂದಿನ_ಸೀಟು
ಬಲ್ಬ್ ಬದಲಾಯಿಸಿ ನೋಡಿದ್ರಾ?

ಕಪ್ಪು_ಗ್ರೀಸ್
@ಹಿಂದಿನ_ಸೀಟು ಬಲ್ಬ್ ಉರಿಯುತ್ತಿಲ್ಲ ಅನ್ನುವುದಲ್ಲ ಅವರ ದೂರು. ಉರಿಯುತ್ತಲೇ ಇದೆ ಅನ್ನುವುದು.

ಹಳೇಗಾಡಿ
ಮೊದಲು ನೆಗೆಟಿವ್ ಬಿಚ್ಚುವ ಕೆಲಸ ನಿಲ್ಲಿಸಿ ಮಾರಾಯ್ರೇ. ಗಡಿಯಾರ, ರೇಡಿಯೋ ಎಲ್ಲ ಸೊನ್ನೆಯಿಂದ ಶುರುವಾಗುತ್ತದೆ. ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಕೋಡ್ ಬರೆದ ಚೀಟಿ ಕಳೆದಿದ್ದರೆ ಹಾಡೂ ಇಲ್ಲ. ದಿನಾ ಬಿಚ್ಚಿ ಹಾಕಿ ಟರ್ಮಿನಲ್ ಸಡಿಲವಾದರೆ ಆಮೇಲೆ ಸ್ಟಾರ್ಟ್ ಆಗದಿರುವುದು ಬೇರೆ ತಲೆನೋವು. ಬಾನೆಟ್ ಒಳಗಿನ ಫ್ಯೂಸ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗಡೆ ಚಿತ್ರ ಇರುತ್ತದೆ. ಹೆಡ್‌ಲೈಟ್ ಎಡ, ಬಲ ಅಂತ ಬೇರೆ ಬೇರೆ ಫ್ಯೂಸ್ ಇರುತ್ತದೆ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್‌ನದು. ಅವೆರಡನ್ನು ಕಿತ್ತಿಡಿ ಸಾಕು.

ಮೀಟರ್_ಮಾವ
ಫ್ಯೂಸ್ ಕಿತ್ತರೆ ಬಲ್ಬ್ ಆರುತ್ತದೆ, ನಿಜ. ಆದರೆ ರಿಲೇ ಒಳಗಿನ ಕಾಯಿಲ್‌ಗೆ (ತಾಮ್ರದ ಸುರುಳಿಗೆ) ಕರೆಂಟ್ ಹೋಗುತ್ತಿದ್ದರೆ ಅದು ಹೋಗುತ್ತಲೇ ಇರುತ್ತದೆ. ಸುಮಾರು 0.15 ಆಂಪಿಯರ್. ಒಂದು ರಾತ್ರಿಗೆ ಏನೂ ಅಲ್ಲ. ವಾರ ಪೂರ್ತಿ ಗಾಡಿ ನಿಂತರೆ 25 ಆಂಪಿಯರ್-ಅವರ್, ಸಣ್ಣ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಫ್ಯೂಸ್ ಬದಲು ರಿಲೇಯನ್ನೇ ಕಿತ್ತಿಡಿ. ಕೆಲಸವೂ ಒಂದೇ ಎಳೆತದಲ್ಲಿ ಮುಗಿಯುತ್ತದೆ.

ಇನ್ನು @ಕಪ್ಪು_ಗ್ರೀಸ್ ಹೇಳಿದ್ದು ಇರಬಹುದು, ಇಲ್ಲದೆಯೂ ಇರಬಹುದು. ಅಂದಾಜಿನ ಮೇಲೆ ಯಾಕೆ ದುಡ್ಡು ಸುರಿಯಬೇಕು? ಪರೀಕ್ಷೆ ಸುಲಭವಾಗಿದೆ. ಸ್ವಿಚ್ ಆಫ್ ಮಾಡಿ, ಕೀ ತೆಗೆದಿಡಿ. ಲೋ ಬೀಮ್ ರಿಲೇ ಕೀಳಿ. ಲೈಟ್ ಆರಿತಾ? ಆರಿದರೆ ಅದನ್ನು ನಿಧಾನವಾಗಿ ವಾಪಸ್ ಒತ್ತಿ, ಬೆರಳು ರಿಲೇ ಮೇಲೇ ಇರಲಿ. ಒತ್ತುವಾಗ ಟಿಕ್ ಅಂದು ಲೈಟ್ ಹತ್ತಿದರೆ ರಿಲೇ ಸರಿಯಾಗಿದೆ, ಅದಕ್ಕೆ ಯಾರೋ ಆರ್ಡರ್ ಕೊಡುತ್ತಿದ್ದಾರೆ ಅಂತ ಅರ್ಥ. ಟಿಕ್ ಅನ್ನದೆ ಸುಮ್ನೆ ಲೈಟ್ ಹತ್ತಿದರೆ ಒಳಗೆ ಕರೆಂಟ್ ಜೋಡಿಸುವ ಪಾಯಿಂಟ್ ಅಂಟಿಕೊಂಡಿದೆ. ಆ ಟಿಕ್ ಬೆರಳಿಗೂ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ.

ಹತ್ತು_ಎಂಎಂ
ರಿಲೇ ಕಿತ್ತ ಮೇಲೂ ಲೈಟ್ ಉರಿಯುತ್ತಿದ್ದರೆ?

ಮೀಟರ್_ಮಾವ
ಆಗ ಬೇರೆಲ್ಲಿಂದಲೋ ಕಳ್ಳದಾರಿಯಲ್ಲಿ 12 ವೋಲ್ಟ್ ಬರುತ್ತಿದೆ. ಯಾರೋ ಹೊರಗಿನಿಂದ ಹಾಕಿಸಿದ ಫಾಗ್ ಲೈಟ್ ವೈರಿಂಗ್, ಎರಡು ವೈರ್ ಒಟ್ಟಿಗೆ ಕರಗಿ ಅಂಟಿರುವುದು, ಅಥವಾ ಫ್ಯೂಸ್ ಡಬ್ಬಿಯೊಳಗೆ ನೀರು ನುಗ್ಗಿ ಹಸಿರು ಹಿಡಿದಿರುವುದು. ಅಥವಾ ತಪ್ಪು ರಿಲೇ ಕಿತ್ತಿದ್ದೀರಿ. ಕೊನೆಯದೇ ಜಾಸ್ತಿ.

ಕಪ್ಪು_ಗ್ರೀಸ್
ಇಷ್ಟೆಲ್ಲ ಯಾಕೆ? ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇ ತಲೆಗೆ ಎರಡು ಬಿಟ್ಟರೆ ಅಂಟಿದ್ದು ಬಿಡುತ್ತದೆ. ನನ್ನ ಹಳೆ ವ್ಯಾನ್ ವರ್ಷಗಟ್ಟಲೆ ಹಾಗೇ ಓಡಿದೆ.

ಹಳೇಗಾಡಿ
ಬಿಡುತ್ತದೆ, ಮತ್ತೆ ಅಂಟುತ್ತದೆ. ನಡುರಾತ್ರಿ ಅಂಟಿದರೆ ಬೆಳಿಗ್ಗೆ ತಳ್ಳುವುದು ಯಾರು?

ಫ್ಯೂಸ್_ಹೋಯ್ತು
ಅಂಟಿದ ರಿಲೇಯೊಂದನ್ನು ಬ್ಲೇಡಿನಿಂದ ಕತ್ತರಿಸಿ ಬಿಚ್ಚಿ ನೋಡಿದ್ದೇನೆ. ತಾಮ್ರದ ಸುರುಳಿ ಮಿರಮಿರ ಹೊಸದರ ಹಾಗೇ ಇತ್ತು. ತೊಂದರೆ ಇದ್ದದ್ದು ಪಾಯಿಂಟ್‌ನಲ್ಲಿ. ಎರಡು ಗುಂಡನೆಯ ಪಾಯಿಂಟ್ ನಡುವೆ ಸಾಸಿವೆಗಿಂತ ಚಿಕ್ಕದಾದ ಕರಗಿದ ಲೋಹದ ಹನಿ, ಸುತ್ತ ಕಪ್ಪು ಮಸಿ. ಉಗುರಿನಿಂದ ಎಬ್ಬಿಸಿದರೆ ಚಟ್ ಅಂತ ಬಿಟ್ಟಿತು. ಬಿಟ್ಟ ಜಾಗದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊನೆ. ಆ ಮೊನೆಯೇ ಮುಂದಿನ ಸಲ ಮೊದಲು ಕರಗುವುದು. ತಟ್ಟಿದ ರಿಲೇ ಯಾಕೆ ಮತ್ತೆ ಅಂಟುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಬಲ್ಬ್ ತಣ್ಣಗಿದ್ದಾಗ ಅದರ ತಂತಿಯ ರೆಸಿಸ್ಟೆನ್ಸ್ ತೀರಾ ಕಡಿಮೆ. ಸ್ವಿಚ್ ಹಾಕಿದ ಕ್ಷಣ ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ನುಗ್ಗುತ್ತದೆ, ಆಮೇಲೆ ತಂತಿ ಕಾದು ಇಳಿಯುತ್ತದೆ. ಪಾಯಿಂಟ್ ತಿನ್ನುವುದು ಆ ಒಂದು ಕ್ಷಣವೇ. ಅದರ ಮೇಲೆ 100 ವಾಟ್‌ನ ಬಲ್ಬ್ ಬೇರೆ ಹಾಕಿಸಿಕೊಂಡರಂತೂ ಕೇಳುವುದೇ ಬೇಡ.

ಹೈಬೀಮ್_ವಿರೋಧಿ
100 ವಾಟ್ ಬಲ್ಬ್ ಹಾಕುವವರನ್ನು ಹಿಡಿದು ಅವರ ಗಾಡಿಯ ಎದುರೇ ಒಂದು ಗಂಟೆ ಕೂರಿಸಬೇಕು.

ಸಂಜೆ_ಸವಾರ
@ಫ್ಯೂಸ್_ಹೋಯ್ತು ನನ್ನದು ಕಂಪನಿಯಿಂದ ಬಂದ 60/55 ವಾಟ್ ಅಳತೆಯದೇ. ಜಾಸ್ತಿಯದು ಹಾಕಿಲ್ಲ. ಇವತ್ತು ಸಂಜೆ ಮಾವನವರ ಟಿಕ್ ಪರೀಕ್ಷೆ ಮಾಡುತ್ತೇನೆ.

ನಿಧಾನಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನದು ಹೊಸ ಗಾಡಿ, ಆಟೋ ಲೈಟ್ ಇದೆ. ಮಟಮಟ ಮಧ್ಯಾಹ್ನ ಬಿಸಿಲಿನಲ್ಲೂ ಹೆಡ್‌ಲೈಟ್ ಉರಿಯುತ್ತದೆ. ಆಫ್‌ಗೆ ಇಟ್ಟರೆ ಆರುತ್ತದೆ, ಆಟೋಗೆ ಇಟ್ಟರೆ ಮತ್ತೆ ಹತ್ತುತ್ತದೆ. ಇದಕ್ಕೂ ರಿಲೇಯೇ ಕಾರಣನಾ?

ಮೀಟರ್_ಮಾವ
ಆಫ್‌ಗೆ ಇಟ್ಟಾಗ ಆರುತ್ತದೆ ಅಂದರೆ ರಿಲೇ, ವೈರ್ ಎರಡೂ ಸರಿ ಇವೆ. ನಿಮ್ಮ ಗಾಡಿಗೆ ಹೊರಗೆ ಕತ್ತಲೆ ಅನ್ನಿಸುತ್ತಿದೆ ಅಷ್ಟೇ. ಬೆಳಕಿನ ಸೆನ್ಸರ್ ಎಲ್ಲಿದೆ ನೋಡಿ. ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಬುಡದಲ್ಲಿ ಸಣ್ಣ ಕಪ್ಪು ಗುಬುಟು ಇರಬಹುದು, ಅಥವಾ ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು ಇರಬಹುದು. ಅದರ ಮೇಲೆ ಏನಾದರೂ ಮುಚ್ಚಿದೆಯಾ?

ಹತ್ತು_ಎಂಎಂ
ವೈಪರ್ ಆನ್ ಇದ್ದರೂ ಕೆಲವು ಗಾಡಿಗಳಲ್ಲಿ ಲೈಟ್ ತಾನಾಗಿಯೇ ಹತ್ತುತ್ತದೆ. ಮಳೆ ಅಂತ ಅಂದುಕೊಳ್ಳುತ್ತದೆ. ಅದನ್ನೂ ನೋಡಿ.

ನಿಧಾನಿ
ವೈಪರ್ ಆಫ್ ಇದೆ. ಸೆನ್ಸರ್ ಕನ್ನಡಿ ಹಿಂದೆ ಇದೆ. ಹೋದ ತಿಂಗಳು ಗಾಜಿನ ಮೇಲ್ಭಾಗಕ್ಕೆ ಬಿಸಿಲು ತಡೆಯುವ ಕಪ್ಪು ಫಿಲ್ಮ್ ಪಟ್ಟಿ ಹಾಕಿಸಿದ್ದೆವು. ಅದು ಸೆನ್ಸರ್ ಮುಂದೆಯೂ ಹಾದು ಹೋಗಿದೆ!

ಕಪ್ಪು_ಗ್ರೀಸ್
ಗಾಡಿಗೆ ಕೂಲಿಂಗ್ ಗ್ಲಾಸ್ ಹಾಕಿದ್ದೀರಿ, ಅದು ರಾತ್ರಿ ಅಂತ ಲೈಟ್ ಹಾಕಿದೆ. ಗಾಡಿಯದೇನು ತಪ್ಪು?

ನೀಲಿ_ವೈರ್
ಆ ಜಾಗದಷ್ಟು ಫಿಲ್ಮ್ ಕತ್ತರಿಸಿ ತೆಗೆದರೆ ಸಾಕು. ಸೆನ್ಸರ್ ಬದಲಾಯಿಸಲು ಯಾರಾದರೂ ಹೇಳಿದರೆ ಓಡಿ ಬನ್ನಿ.

ಆದರೆ ಒಂದು ಮಾತು, ಹೊಸ ಗಾಡಿಯವರೆಲ್ಲ ಗಮನಿಸಿ. ಮೇಲೆ ಹೇಳಿದ ಟಿಕ್ ಪರೀಕ್ಷೆ ನಿಮ್ಮಲ್ಲಿ ನಡೆಯದೇ ಇರಬಹುದು. ಈಗಿನ ಬಹಳಷ್ಟು ಗಾಡಿಗಳಲ್ಲಿ ಸ್ವಿಚ್ ಮತ್ತು ಬಲ್ಬ್ ನಡುವೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಕಂಪ್ಯೂಟರ್ ಕೂತಿರುತ್ತದೆ. ಸ್ವಿಚ್ ಬರೀ ಸಂದೇಶ ಕಳಿಸುತ್ತದೆ, ಬಲ್ಬ್ ಹತ್ತಿಸುವುದು ಆ ಡಬ್ಬಿ. ಎಷ್ಟೋ ಕಡೆ ರಿಲೇಯೇ ಇಲ್ಲ, ಡಬ್ಬಿಯೊಳಗಿನ ಟ್ರಾನ್ಸಿಸ್ಟರ್ ನೇರವಾಗಿ ಬಲ್ಬ್‌ಗೆ ಕರೆಂಟ್ ಕೊಡುತ್ತದೆ. ಆ ಟ್ರಾನ್ಸಿಸ್ಟರ್ ಸುಟ್ಟು ಶಾರ್ಟ್ ಆದರೆ ಲೈಟ್ ಆರುವುದಿಲ್ಲ. ಸ್ವಿಚ್‌ನಿಂದ ಸಂದೇಶ ಬರುವುದು ನಿಂತುಹೋದರೂ ಆರುವುದಿಲ್ಲ.

ಹಿಂದಿನ_ಸೀಟು
ಸಂದೇಶ ನಿಂತರೆ ಲೈಟ್ ಆರಬೇಕಲ್ವಾ? ಇದೆಂಥ ಉಲ್ಟಾ ಬುದ್ಧಿ?

ನೀಲಿ_ವೈರ್
ಉಲ್ಟಾ ಅಲ್ಲ, ಬೇಕಂತಲೇ ಹಾಗೆ ಮಾಡಿರುತ್ತಾರೆ. ನೀವು ರಾತ್ರಿ ತಿರುವಿನಲ್ಲಿ ಹೋಗುತ್ತಿದ್ದೀರಿ, ಆಗ ಸ್ವಿಚ್ ವೈರ್ ತುಂಡಾಯಿತು ಅನ್ನಿ. ಲೈಟ್ ಪಟ್ ಅಂತ ಆರಿದರೆ ನೇರ ಗುಂಡಿಗೆ. ಉರಿಯುತ್ತಲೇ ಇದ್ದರೆ ಹೆಚ್ಚೆಂದರೆ ಬ್ಯಾಟರಿ ಇಳಿಯುತ್ತದೆ. ಹಾಗಾಗಿ ಅನುಮಾನ ಬಂದಾಗ ಲೋ ಬೀಮ್ ಹಾಕಿಡು ಅಂತ ಎಷ್ಟೋ ಕಂಪ್ಯೂಟರಿಗೆ ಹೇಳಿಕೊಟ್ಟಿರುತ್ತಾರೆ.

ಅಂಥ ಗಾಡಿಗೆ ಸ್ಕ್ಯಾನರ್ ಹಾಕಿ ಲೈವ್ ಡೇಟಾ ನೋಡಬೇಕು. ನೀವು ಸ್ವಿಚ್ ತಿರುಗಿಸಿದಂತೆ ಪರದೆಯ ಮೇಲೂ ಆಫ್, ಪಾರ್ಕಿಂಗ್, ಹೆಡ್‌ಲೈಟ್ ಅಂತ ಬದಲಾದರೆ ಸ್ವಿಚ್ ಸರಿ ಇದೆ, ತೊಂದರೆ ಆಚೆ ಕಡೆಗೆ. ಏನೂ ಬದಲಾಗದಿದ್ದರೆ ಸ್ವಿಚ್, ಅದರ ಕನೆಕ್ಟರ್, ಅದರ ವೈರ್. ಸ್ಕ್ಯಾನರ್ ಹಾಕದೇ ಮಾಡ್ಯೂಲ್ ಬದಲಾಯಿಸಿ ಅನ್ನುವವರನ್ನು ನಂಬಬೇಡಿ. ಹೊಸದಕ್ಕೆ ಕೋಡಿಂಗ್ ಬೇರೆ ಮಾಡಿಸಬೇಕು, ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಗುತ್ತದೆ.

ಹಳೇಗಾಡಿ
ಇದಕ್ಕೇ ನಾನು ಹಳೆ ಗಾಡಿ ಬಿಡುವುದಿಲ್ಲ. ಒಂದು ಬಲ್ಬ್ ಆರಿಸಲು ಕಂಪ್ಯೂಟರ್ ಹತ್ತಿರ ಅಪ್ಪಣೆ ಕೇಳಬೇಕಾ?

ನೀಲಿ_ವೈರ್
ನಿಮ್ಮ ಹಳೆ ಗಾಡಿ ಅಪ್ಪಣೆ ಕೇಳದೇ ಉರಿಯುತ್ತಿದೆಯಲ್ಲ, ಅದನ್ನೇ ಈಗ ಇಲ್ಲಿ ಚರ್ಚೆ ಮಾಡುತ್ತಿರುವುದು.

ಹಳೇಗಾಡಿ
ಅದು ಸಂಜೆ_ಸವಾರರ ಗಾಡಿ ಸ್ವಾಮಿ, ನನ್ನದಲ್ಲ. ನನ್ನದು ಹೇಳಿದ ಮಾತು ಕೇಳುತ್ತದೆ.

ಹತ್ತು_ಎಂಎಂ
ಇನ್ನೊಂದು ವಿಷಯ. ಗಾಡಿ ಲಾಕ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಹೆಡ್‌ಲೈಟ್ ಉರಿದು ಆಮೇಲೆ ತಾನೇ ಆರಿದರೆ ಅದು ದೋಷವಲ್ಲ. ನೀವು ಮನೆ ಬಾಗಿಲು ಸೇರುವವರೆಗೆ ಬೆಳಕು ಇರಲಿ ಅಂತ ಕೊಟ್ಟ ಸೌಲಭ್ಯ. ಸೆಟ್ಟಿಂಗ್‌ನಲ್ಲಿ ಸಮಯ ಕಡಿಮೆ ಮಾಡಬಹುದು. ನನ್ನ ಪಕ್ಕದ ಮನೆಯವರು ಇದಕ್ಕೆ ಬ್ಯಾಟರಿಯನ್ನೇ ಬದಲಾಯಿಸಿಬಿಟ್ಟಿದ್ದರು.

ಕೆಲವು ಜರ್ಮನ್ ಗಾಡಿಗಳಲ್ಲಿ ಇನ್ನೊಂದು ಚಮತ್ಕಾರ. ಕೀ ತೆಗೆದ ಮೇಲೆ ಇಂಡಿಕೇಟರ್ ಕಡ್ಡಿ ಒಂದು ಕಡೆಗೆ ವಾಲಿಸಿಟ್ಟರೆ ಆ ಕಡೆಯ ಪಾರ್ಕಿಂಗ್ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. ಇಕ್ಕಟ್ಟು ರಸ್ತೆಯಲ್ಲಿ ನಿಲ್ಲಿಸಿದಾಗ ಕಾಣಲಿ ಅಂತ. ಗೊತ್ತಿಲ್ಲದವರು ಶಾರ್ಟ್ ಆಗಿದೆ ಅಂತ ಗಾಬರಿ ಬೀಳುತ್ತಾರೆ. ಕಡ್ಡಿ ನಡುವಿಗೆ ತಂದರೆ ಸರಿಹೋಗುತ್ತದೆ.

ಹೈಬೀಮ್_ವಿರೋಧಿ
ಹಗಲಲ್ಲಿ ಉರಿಯುವ ಡಿಆರ್‌ಎಲ್ (ಡೇಟೈಮ್ ರನ್ನಿಂಗ್ ಲೈಟ್) ಕಂಡು ಲೈಟ್ ಆಫ್ ಮಾಡಿ ಅಂತ ಕೈಸನ್ನೆ ಮಾಡುವವರೂ ಇದ್ದಾರೆ. ಅದನ್ನು ಆಫ್ ಮಾಡಲು ಎಷ್ಟೋ ಗಾಡಿಗಳಲ್ಲಿ ಸ್ವಿಚ್ಚೇ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ.

ಹಿಂದಿನ_ಸೀಟು
ಹಗಲು ಹೊತ್ತಿನಲ್ಲಿ ಲೈಟ್ ಯಾಕೆ ಬೇಕು ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಸುಮ್ನೆ ಶೋಕಿ.

ನೀಲಿ_ವೈರ್
ಶೋಕಿ ಅಲ್ಲ. ಸ್ವೀಡನ್‌ನಲ್ಲಿ 1977ರಿಂದಲೇ ಹಗಲೂ ಲೈಟ್ ಹಾಕಿ ಓಡಿಸಬೇಕು ಅನ್ನುವ ಕಾನೂನು ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ. ಅದು ನಿಮಗೆ ದಾರಿ ಕಾಣಲಿ ಅಂತಲ್ಲ, ನೀವು ಎದುರಿನವರಿಗೆ ಕಾಣಲಿ ಅಂತ.

ಹೈಬೀಮ್_ವಿರೋಧಿ
ಅದರ ಅಡ್ಡಪರಿಣಾಮ ಹೇಳಲಾ? ಡಿಆರ್‌ಎಲ್ ಮುಂದೆ ಬೆಳಗುತ್ತದೆ, ಬಹಳ ಗಾಡಿಗಳಲ್ಲಿ ಹಿಂದೆ ಏನೂ ಉರಿಯುವುದಿಲ್ಲ. ಮುಂದೆ ಬೆಳಕು ಕಾಣುತ್ತಿದೆಯಲ್ಲ ಅಂತ ಕತ್ತಲಾದ ಮೇಲೂ ಹಾಗೇ ಓಡಿಸುತ್ತಾರೆ. ಹಿಂದಿನಿಂದ ಬರುವವನಿಗೆ ಗಾಡಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಕಪ್ಪು_ಗ್ರೀಸ್
ಹೆಡ್‌ಲೈಟ್ ಕೇಳಿದವರು ಎಲ್ಲಿಗೆ ಹೋದರು? ನಾವು ಸ್ವೀಡನ್ ತಲುಪಿದೆವು.

ಸಂಜೆ_ಸವಾರ
ಇಲ್ಲೇ ಇದ್ದೇನೆ. ಪರೀಕ್ಷೆ ಮಾಡಿದೆ. ರಿಲೇ ಕಿತ್ತರೆ ಲೈಟ್ ಆರುತ್ತದೆ. ವಾಪಸ್ ಒತ್ತುವಾಗ ಟಿಕ್ ಅಂತ ಸ್ಪಷ್ಟವಾಗಿ ಕೇಳಿತು, ಲೈಟ್ ಹತ್ತಿತು. ಪಕ್ಕದಲ್ಲಿ ಹಾರ್ನ್ ರಿಲೇ ಅದೇ ನಂಬರಿನದು ಇತ್ತು, ಅದನ್ನು ಹಾಕಿದರೂ ಟಿಕ್, ಲೈಟ್. ಹೆಡ್‌ಲೈಟಿನ ರಿಲೇ ಹಾಕಿದರೆ ಹಾರ್ನ್ ಕೂಡ ಸರಿಯಾಗಿ ಹೊಡೆಯುತ್ತದೆ, ಸುಮ್ನಿದ್ದಾಗ ಸುಮ್ನಿರುತ್ತದೆ.

ಮೀಟರ್_ಮಾವ
ಚೆನ್ನಾಗಿ ಮಾಡಿದ್ದೀರಿ. ರಿಲೇಗೆ ಏನೂ ಆಗಿಲ್ಲ. (ಬೇರೆಯವರು ಓದುತ್ತಿದ್ದರೆ: ಗಾತ್ರ ಒಂದೇ ಅಂತ ಯಾವುದೋ ರಿಲೇ ಚುಚ್ಚಬೇಡಿ. ಮೇಲೆ ಅಚ್ಚಾಗಿರುವ ನಂಬರ್, ಪಿನ್ ಚಿತ್ರ ಎರಡೂ ಹೊಂದಬೇಕು. ಕೆಲವಕ್ಕೆ ಒಳಗೆ ಡಯೋಡ್ ಇರುತ್ತದೆ.)

ಕಪ್ಪು_ಗ್ರೀಸ್
ಹಾಗಾದರೆ ಸ್ವಿಚ್. ಮೆಕ್ಯಾನಿಕ್ ಹೇಳಿದ್ದೇ ಸರಿ ಆಯಿತಲ್ಲ.

ಮೀಟರ್_ಮಾವ
ಎಷ್ಟು ಅವಸರ ನಿಮಗೆ! ರಿಲೇಗೆ ಆರ್ಡರ್ ಬರುತ್ತಿದೆ ಅಂತ ಮಾತ್ರ ಗೊತ್ತಾಗಿದೆ. ಕೊಡುತ್ತಿರುವುದು ಸ್ವಿಚ್ಚೋ ಅಥವಾ ದಾರಿಯಲ್ಲಿ ಇನ್ಯಾರೋ ಅಂತ ಇನ್ನೂ ಗೊತ್ತಿಲ್ಲ.

@ಸಂಜೆ_ಸವಾರ, ಈಗ ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಲೈಟ್ ಸ್ವಿಚ್‌ನ ಕನೆಕ್ಟರ್ ಕೀಳಿ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕನೆಕ್ಟರ್ ಮುಟ್ಟಲೇಬೇಡಿ, ಅದು ನಮ್ಮ ಕೆಲಸವಲ್ಲ. ಕೆಲಸ ಶುರು ಮಾಡುವ ಮೊದಲು ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಬಿಡಿ, ಕನೆಕ್ಟರ್ ಕಿತ್ತ ಮೇಲೆ ನೆಗೆಟಿವ್ ಮತ್ತೆ ಹಾಕಿ ಲೈಟ್ ನೋಡಿ. ಆರಿದರೆ ಸ್ವಿಚ್ ಕೆಟ್ಟಿದೆ, ಕಣ್ಣು ಮುಚ್ಚಿ ಕೊಳ್ಳಿ. ಸ್ವಿಚ್ಚೇ ಕಿತ್ತಿಟ್ಟ ಮೇಲೂ ಉರಿಯುತ್ತಿದ್ದರೆ ಸ್ವಿಚ್ ನಿರಪರಾಧಿ.

ಯಾಕೆ ಹೀಗಾಗುತ್ತದೆ ಅಂತ ಹೇಳಿಬಿಡುತ್ತೇನೆ. ರಿಲೇಯಲ್ಲಿ ನಾಲ್ಕು ಕಾಲು. 30 ಮತ್ತು 87 ಬಲ್ಬ್‌ಗೆ ಹೋಗುವ ದೊಡ್ಡ ಕರೆಂಟಿನ ದಾರಿ. 85 ಮತ್ತು 86 ಕಾಯಿಲ್‌ನ ಎರಡು ತುದಿ. ಬಹಳ ಗಾಡಿಗಳಲ್ಲಿ, ಅದರಲ್ಲೂ ಜಪಾನಿ ಗಾಡಿಗಳಲ್ಲಿ, ಕಾಯಿಲ್‌ನ ಒಂದು ತುದಿಗೆ 12 ವೋಲ್ಟ್ ಯಾವಾಗಲೂ ಬಂದು ನಿಂತಿರುತ್ತದೆ. ಸ್ವಿಚ್ ಮಾಡುವುದು ಇಷ್ಟೇ: ಇನ್ನೊಂದು ತುದಿಯನ್ನು ಅರ್ತ್‌ಗೆ ಮುಟ್ಟಿಸುತ್ತದೆ. ಗಾಡಿಯ ಬಾಡಿ ಇಡೀ ಅರ್ತ್ ಅಲ್ವಾ? ಹಾಗಾದರೆ ಆ ಒಂದು ಸಣ್ಣ ವೈರ್ ಸಿಪ್ಪೆ ಸುಲಿದು ಬಾಡಿಗೆ ಎಲ್ಲಿ ತಾಗಿದರೂ ಸ್ವಿಚ್ ಹಾಕಿದ ಹಾಗೇ. ಫ್ಯೂಸ್ ಹೋಗುವುದಿಲ್ಲ, ಕಿಡಿ ಹಾರುವುದಿಲ್ಲ, ಹೊಗೆ ಬರುವುದಿಲ್ಲ. ಯಾಕೆಂದರೆ ಆ ವೈರ್ ಅರ್ತ್ ಆಗುವುದೇ ಅದರ ಮಾಮೂಲಿ ಕೆಲಸ. ಲೈಟ್ ಹತ್ತುತ್ತದೆ ಅಷ್ಟೇ.

ಫ್ಯೂಸ್_ಹೋಯ್ತು
ಇದು ಹೊಳೆದೇ ಇರಲಿಲ್ಲ. ನಾನು ಶಾರ್ಟ್ ಅಂದರೆ ಫ್ಯೂಸ್ ಹೋಗಲೇಬೇಕು ಅಂದುಕೊಂಡಿದ್ದೆ. ನನ್ನ ಹೆಸರೇ ಅದು.

ಹಳೇಗಾಡಿ
ಮಾವ, ಸರಿಯಾಗಿ ಹೇಳಿದ್ರಿ. ಒಂದು ತಿದ್ದುಪಡಿ: ಎಲ್ಲ ಗಾಡಿಗಳಲ್ಲಿ ಹೀಗಿಲ್ಲ. ಕೆಲವು ಕಡೆ 85 ಸದಾ ಅರ್ತ್ ಆಗಿದ್ದು, ಸ್ವಿಚ್ 86ಕ್ಕೆ 12 ವೋಲ್ಟ್ ಕಳಿಸುತ್ತದೆ. ಇನ್ನೂ ಹಳೆಯವಲ್ಲಿ ರಿಲೇಯೇ ಇಲ್ಲ, ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹೋಗುತ್ತದೆ. ಅಂಥ ಸ್ವಿಚ್ ಕರಗಿ ಅಂಟಿಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಗಾಡಿಗಳಿಗೆ ಕಪ್ಪು_ಗ್ರೀಸ್ ಮಾತು ಸರಿ.

ಕಪ್ಪು_ಗ್ರೀಸ್
ಕೊನೆಗೂ ಒಬ್ಬರು ಒಪ್ಪಿದರು.

ಮೀಟರ್_ಮಾವ
ತಿದ್ದುಪಡಿ ಒಪ್ಪಿದೆ. ಅದಕ್ಕೇ ಕಾಲಿನ ನಂಬರ್ ನೋಡಿ ನಿರ್ಧಾರ ಮಾಡಬೇಡಿ, ಮೀಟರ್ ಇಟ್ಟು ನೋಡಿ. ರಿಲೇ ಕಿತ್ತ ಸಾಕೆಟ್‌ನಲ್ಲಿ 12 ವೋಲ್ಟ್ ಇರುವ ತೂತು ಯಾವುದು, ಅರ್ತ್ ತೋರಿಸುವ ತೂತು ಯಾವುದು ಅಂತ ಗುರುತು ಮಾಡಿಕೊಳ್ಳಿ.

ನಿಧಾನಿ
ಫಿಲ್ಮ್ ಕತ್ತರಿಸಿದೆ. ಆಟೋ ಈಗ ಸರಿಯಾಗಿದೆ. ಎಲ್ಲರಿಗೂ ಧನ್ಯವಾದ. ಕತ್ತರಿಸಿದ ಜಾಗ ಮಾತ್ರ ವಿಕಾರವಾಗಿ ಕಾಣುತ್ತಿದೆ.

ಹತ್ತು_ಎಂಎಂ
ಕನ್ನಡಿ ಹಿಂದೆ ಯಾರು ನೋಡುತ್ತಾರೆ ಬಿಡಿ.

ನೀಲಿ_ವೈರ್
@ಸಂಜೆ_ಸವಾರ ಒಂದು ಪ್ರಶ್ನೆ. ತೊಂದರೆ ಶುರುವಾಗುವ ಮೊದಲು ಬಾನೆಟ್ ಒಳಗೆ ಏನಾದರೂ ಕೆಲಸ ಆಗಿತ್ತಾ? ಬಂಪರ್, ರೇಡಿಯೇಟರ್, ಹಾರ್ನ್, ಏನಾದರೂ ಸರಿ. ವೈರ್ ತಾನಾಗಿಯೇ ಸಿಪ್ಪೆ ಸುಲಿದುಕೊಳ್ಳುವುದಿಲ್ಲ. ಇಲಿ ಬಂದಿರಬೇಕು ಅಥವಾ ಮನುಷ್ಯ ಬಂದಿರಬೇಕು.

ಸಂಜೆ_ಸವಾರ
ಬ್ಯಾಟರಿ ಹೊಸದು ಹಾಕಿಸಿದ್ದೆ. ಹಳೆಯದಕ್ಕಿಂತ ಸ್ವಲ್ಪ ದೊಡ್ಡದು, ಅದೇ ಅಳತೆಯದು ಇರಲಿಲ್ಲ ಅಂದರು. ಆದರೆ ಲೈಟ್ ಕೆಟ್ಟದ್ದು ಅದಾದ ಎಷ್ಟೋ ದಿನದ ಮೇಲೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದಾ?

ಮೀಟರ್_ಮಾವ
ಇರಬಹುದು. ಬ್ಯಾಟರಿ ತಟ್ಟೆಯ ಪಕ್ಕದಲ್ಲೇ ವೈರ್ ಕಟ್ಟು ಹಾದು ಹೋಗುವ ಗಾಡಿಗಳು ಬಹಳ. ಒತ್ತಿಕೊಂಡ ವೈರ್ ಅವತ್ತೇ ಸುಲಿಯುವುದಿಲ್ಲ. ಎಂಜಿನ್ ನಡುಕಕ್ಕೆ ಉಜ್ಜಿ ಉಜ್ಜಿ ನಿಧಾನವಾಗಿ ಸವೆಯುತ್ತದೆ. ಸ್ವಿಚ್ ಕನೆಕ್ಟರ್ ಕಿತ್ತು, ಲೈಟ್ ಉರಿಯುತ್ತಿರುವಾಗಲೇ ಬ್ಯಾಟರಿ ಹತ್ತಿರದ ವೈರ್ ಕಟ್ಟನ್ನು ಕೈಯಲ್ಲಿ ಮೆಲ್ಲಗೆ ಅಲುಗಾಡಿಸಿ. ಎಂಜಿನ್ ಆಫ್ ಇರಲಿ, ಫ್ಯಾನ್ ಹತ್ತಿರ ಕೈ ಬೇಡ, ಉಂಗುರ ಗಡಿಯಾರ ತೆಗೆದಿಡಿ.

ಹಿಂದಿನ_ಸೀಟು
ಈ ಪರೀಕ್ಷೆ ಎಲ್ಲ ಮುಗಿಯುವಷ್ಟರಲ್ಲಿ ಬ್ಯಾಟರಿ ಖಾಲಿ ಆಗುವುದಿಲ್ವಾ? ಎಷ್ಟು ಹೊತ್ತು ತಡೆಯುತ್ತದೆ?

ಫ್ಯೂಸ್_ಹೋಯ್ತು
55 ವಾಟ್‌ನ ಎರಡು ಬಲ್ಬ್, 110 ವಾಟ್. 12 ವೋಲ್ಟ್‌ಗೆ ಸುಮಾರು 9 ಆಂಪಿಯರ್. 45 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದ ಪ್ರಕಾರ 5 ಗಂಟೆ. ಆದರೆ ಆ 45 ಅನ್ನುವುದು 20 ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. 9 ಆಂಪಿಯರ್ ಎಳೆದರೆ ಅಷ್ಟು ಸಿಗುವುದಿಲ್ಲ. ಸ್ಟಾರ್ಟರ್ ತಿರುಗುವಷ್ಟು ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ಅರ್ಧ ಗಂಟೆಯ ಪರೀಕ್ಷೆಗೆ ಭಯ ಬೇಡ. ರಾತ್ರಿ ಪೂರ್ತಿ ಮರೆತರೆ ಮಾತ್ರ ಕೆಟ್ಟದು. ಪೂರ್ತಿ ಖಾಲಿಯಾಗಿ ಹಾಗೇ ಬಿದ್ದಿದ್ದರೆ ಸೀಸದ ತಟ್ಟೆಯ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ.

ಸಂಜೆ_ಸವಾರ
ಸಿಕ್ಕಿತು!

ಸ್ವಿಚ್ ಕನೆಕ್ಟರ್ ಕಿತ್ತೆ, ಲೈಟ್ ಉರಿಯುತ್ತಲೇ ಇತ್ತು. ರಿಲೇ ತೆಗೆದು ಸಾಕೆಟ್‌ನಿಂದ ಬಾಡಿಗೆ ಮೀಟರ್ ಇಟ್ಟರೆ ಒಂದು ತೂತು ಅರ್ಧ ಓಮ್ ಕೂಡ ಇಲ್ಲ, ನೇರ ಅರ್ತ್. ಸ್ವಿಚ್ ಕಳಚಿದ ಮೇಲೆ ಅದು ಎಲ್ಲಿಗೂ ತಾಗಬಾರದು ಅಲ್ವಾ? ರಿಲೇ ವಾಪಸ್ ಹಾಕಿ ಬ್ಯಾಟರಿ ಪಕ್ಕದ ಕಟ್ಟು ಅಲುಗಾಡಿಸಿದೆ. ರಿಲೇ ಟಿಕ್ ಟಿಕ್ ಅನ್ನಲು ಶುರುವಾಯಿತು, ಲೈಟ್ ಮಿಣುಕಿತು.

ಬ್ಯಾಟರಿ ಹಿಡಿದಿಡುವ ಕಬ್ಬಿಣದ ಕ್ಲ್ಯಾಂಪ್ ಬಿಚ್ಚಿ ನೋಡಿದೆ. ಬ್ಯಾಟರಿ ದೊಡ್ಡದಾದ್ದರಿಂದ ಕ್ಲ್ಯಾಂಪ್‌ನ ಅಂಚು ಹೊರಗೆ ಸರಿದು ವೈರ್ ಕಟ್ಟಿನ ಮೇಲೆ ಕೂತಿದೆ. ಸುತ್ತಿದ ಕಪ್ಪು ಟೇಪ್ ಸವೆದು, ಒಳಗೆ ಕೆಂಪು ಪಟ್ಟಿಯ ಬಿಳಿ ವೈರ್ ಒಂದು ಕಡೆ ಸುಲಿದು ತಾಮ್ರ ಕಾಣುತ್ತಿದೆ. ತಾಗಿದ ಕಡೆ ಕ್ಲ್ಯಾಂಪ್‌ನ ಬಣ್ಣ ಹೋಗಿ ಹೊಳೆಯುತ್ತಿದೆ. ಪಕ್ಕದ ಇನ್ನೊಂದು ವೈರಿನ ಸಿಪ್ಪೆಗೂ ಗೀರು ಬಿದ್ದಿದೆ, ತಾಮ್ರ ಕಂಡಿಲ್ಲ.

ಕಪ್ಪು_ಗ್ರೀಸ್
ಸರಿ, ಸ್ವಿಚ್ ಉಳಿಯಿತು. ಮಾವನಿಗೆ ನಮಸ್ಕಾರ.

ನೀಲಿ_ವೈರ್
ಆ ಇನ್ನೊಂದು ವೈರ್ ಬಿಡಬೇಡಿ. ಅದು 12 ವೋಲ್ಟ್ ಇರುವ ವೈರ್ ಆಗಿದ್ದರೆ ಮುಂದಿನ ಸಲ ಲೈಟ್ ಹತ್ತುವುದಿಲ್ಲ, ವೈರ್ ಹತ್ತುತ್ತದೆ.

ಹಳೇಗಾಡಿ
ತುಂಡು ಮಾಡಿ ಬೆಸುಗೆ ಹಾಕಿ, ಮೇಲೆ ಟೇಪ್ ಸುತ್ತಿ. ಜನ್ಮಕ್ಕೆ ಸಾಕು.

ಹತ್ತು_ಎಂಎಂ
ಬೆಸುಗೆ ಬೇಡ ಸಾರ್. ಸೀಸ ಎಳೆಗಳ ಒಳಗೆ ಏರಿ ವೈರ್ ಕಡ್ಡಿಯಂತೆ ಸೆಟೆದುಕೊಳ್ಳುತ್ತದೆ, ನಡುಕಕ್ಕೆ ಅದರ ಅಂಚಿನಲ್ಲೇ ಮುರಿಯುತ್ತದೆ. ಕ್ರಿಂಪ್ ಮಾಡಿ (ಲೋಹದ ತೋಳಿನೊಳಗೆ ಎರಡು ತುದಿ ಇಟ್ಟು ಒತ್ತಿ), ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಬಿಗಿಯಾಗುವ ಕೊಳವೆ) ಹಾಕಿ.

ಹಳೇಗಾಡಿ
ನನ್ನ ಗಾಡಿಯಲ್ಲಿ ಬೆಸುಗೆ ಹಾಕಿದ ವೈರ್ ಇಪ್ಪತ್ತು ವರ್ಷದಿಂದ ಗಟ್ಟಿಯಾಗಿದೆ. ಕೆಟ್ಟ ಕ್ರಿಂಪ್‌ಗಿಂತ ಒಳ್ಳೆ ಬೆಸುಗೆ ಮೇಲು.

ಹತ್ತು_ಎಂಎಂ
ಒಳ್ಳೆ ಕ್ರಿಂಪ್ ಎರಡಕ್ಕಿಂತಲೂ ಮೇಲು. ಇಕ್ಕಳದಿಂದ ಜಜ್ಜುವುದು ಕ್ರಿಂಪ್ ಅಲ್ಲ, ಅದಕ್ಕೆ ಬೇರೆ ಟೂಲ್ ಇದೆ.

ಮೀಟರ್_ಮಾವ
ಜಗಳ ನಿಲ್ಲಿಸಿ. ಎಳೆ ತುಂಡಾಗಿಲ್ಲ, ಸಿಪ್ಪೆ ಮಾತ್ರ ಹೋಗಿದೆ ಅಂದರೆ ಕತ್ತರಿಸುವುದೇ ಬೇಡ. ನೆಗೆಟಿವ್ ಬಿಚ್ಚಿ. ಆ ಜಾಗ ಒರೆಸಿ, ಹಸಿರು ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಎರಡೂ ವೈರಿಗೆ ಬೇರೆ ಬೇರೆಯಾಗಿ ಒಳ್ಳೆ ಟೇಪ್ ಸುತ್ತಿ, ಇಡೀ ಕಟ್ಟಿಗೆ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ಕೊಳವೆ ಹಾಕಿ. ಹಸಿರು ಹಿಡಿದಿದ್ದರೆ ಮಾತ್ರ ಆ ತುಂಡು ತೆಗೆದು ಹೊಸದು ಜೋಡಿಸಿ. ಎಲ್ಲಕ್ಕಿಂತ ಮುಖ್ಯ, ಕಟ್ಟನ್ನು ಕ್ಲ್ಯಾಂಪ್‌ನಿಂದ ದೂರ ಸರಿಸಿ ಟೈ ಹಾಕಿ. ಅದು ಮಾಡದೆ ಎಷ್ಟು ಟೇಪ್ ಸುತ್ತಿದರೂ ಮತ್ತೆ ಸವೆಯುತ್ತದೆ.

ಹಿಂದಿನ_ಸೀಟು
ಕ್ಲ್ಯಾಂಪನ್ನೇ ತೆಗೆದು ಹಾಕಿದರೆ?

ಹಳೇಗಾಡಿ
ಬ್ರೇಕ್ ಹಾಕಿದಾಗ ಬ್ಯಾಟರಿ ಜಾರಿ ಪಾಸಿಟಿವ್ ಟರ್ಮಿನಲ್ ಬಾನೆಟ್‌ಗೋ ಪಕ್ಕದ ತಗಡಿಗೋ ತಾಗಲಿ ಅಂತಲಾ? ಕ್ಲ್ಯಾಂಪ್ ಇಲ್ಲದೆ ಓಡಿಸಲೇಬಾರದು.

ಸಂಜೆ_ಸವಾರ
ಹಸಿರು ಹಿಡಿದಿಲ್ಲ. ಟೇಪ್, ಕೊಳವೆ ಎರಡೂ ಆಯಿತು, ಕಟ್ಟು ಫೆಂಡರ್ ಕಡೆಗೆ ಸರಿಸಿ ಟೈ ಹಾಕಿದ್ದೇನೆ. ಲೈಟ್ ಈಗ ಸ್ವಿಚ್ ಹೇಳಿದಂತೆ ಕೇಳುತ್ತಿದೆ. ರಿಲೇ ಇಷ್ಟು ದಿನ ಎಳೆದುಕೊಂಡೇ ಇತ್ತಲ್ಲ, ಅದನ್ನೂ ಬದಲಾಯಿಸಬೇಕಾ?

ಫ್ಯೂಸ್_ಹೋಯ್ತು
ಬೇಡ. ರಾತ್ರಿ ಪ್ರಯಾಣದಲ್ಲಿ ಗಂಟೆಗಟ್ಟಲೆ ಎಳೆದುಕೊಂಡೇ ಇರುತ್ತದಲ್ಲ, ಕಾಯಿಲ್‌ಗೆ ಅದು ಮಾಮೂಲಿ. ಸಾಕೆಟ್‌ನಲ್ಲಿ 30ನೇ ಕಾಲಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ತಿರುಗಿದ್ದರೆ ಪಿನ್ ಸಡಿಲವಾಗಿ ಬಿಸಿಯಾಗಿದೆ ಅಂತ.

ಸಂಜೆ_ಸವಾರ
ನೋಡಿದೆ, ಕಪ್ಪಗೆ ಹೊಸದರ ಹಾಗೇ ಇದೆ. ಪಿನ್ ಬಿಗಿಯಾಗಿದೆ. ಈಗ ಈ ಬ್ಯಾಟರಿಯ ಅಳತೆಗೆ ಹೊಂದುವ ಕ್ಲ್ಯಾಂಪ್ ಹುಡುಕಬೇಕು.

ಹತ್ತು_ಎಂಎಂ
ತಟ್ಟೆಯ ಕೊಕ್ಕೆಯಿಂದ ಕೊಕ್ಕೆಗೆ ಇರುವ ಉದ್ದ, ಬ್ಯಾಟರಿಯ ಅಗಲ ಎರಡೂ ಅಳೆದುಕೊಂಡು ಹೋಗಿ. ಗಾಡಿ ಹೆಸರು ಹೇಳಿದರೆ ಹಳೆ ಅಳತೆಯದನ್ನೇ ಕೊಡುತ್ತಾರೆ.